ಎಂಎಸ್‌ನಲ್ಲಿ 14.96, ಇಎಸ್‌ನಲ್ಲಿ 13.41: ಒಂದೇ ಲೆಕ್ಕಕ್ಕೆ ಎರಡು ಕ್ಯಾಲ್ಕುಲೇಟರ್‌ನಲ್ಲಿ ಎರಡು ಉತ್ತರ ಯಾಕೆ?

ಘಟಪ್ರಭಾ ಸಿವಿಲ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎರಡನೇ ವರ್ಷ ಓದುತ್ತಿದ್ದೇನೆ. ಹೋದ ವಾರದ ಸರ್ವೇ ಪ್ರಾಕ್ಟಿಕಲ್‌ನ ಒಂದು ಲೆಕ್ಕ ತಲೆ ತಿನ್ನುತ್ತಿದೆ.

ಥಿಯೊಡೊಲೈಟ್ (ಕೋನ ಅಳೆಯುವ ಯಂತ್ರ) ಇಟ್ಟು ಕಾಲೇಜಿನ ಒಂದು ಬ್ಲಾಕ್‌ನ ಎತ್ತರ ಕಂಡುಹಿಡಿಯಬೇಕಿತ್ತು. ಯಂತ್ರದಿಂದ ಗೋಡೆಗೆ 40 ಮೀಟರ್. ಕಟ್ಟಡದ ತುದಿಗೆ ಮೇಲ್ಮುಖ ಕೋನ 18 ಡಿಗ್ರಿ 30 ನಿಮಿಷ. ಬುಡಕ್ಕೆ ಇಳಿ ಕೋನ 2 ಡಿಗ್ರಿ 15 ನಿಮಿಷ. ಎರಡು ಕೋನದ ಟ್ಯಾನ್ ಕೂಡಿಸಿ 40ರಿಂದ ಗುಣಿಸಿದರೆ ಎತ್ತರ ಬಂತು, ಅಷ್ಟೇ ಸೂತ್ರ.

ನನ್ನ ಹತ್ತಿರ ಅಣ್ಣ ಬಳಸಿದ ಹಳೆಯ ಕ್ಯಾಸಿಯೊ 991 ಎಂಎಸ್ ಕ್ಯಾಲ್ಕುಲೇಟರ್ ಇದೆ. ಅವತ್ತೇ ಅದರ 8ರ ಕೀ ಕೈಕೊಟ್ಟಿತು. ಗೆಳತಿಯ 991 ಇಎಸ್ ಪ್ಲಸ್ ಇಸ್ಕೊಂಡು ಮಾಡಿದೆ. 13.41 ಬಂತು. ರೆಕಾರ್ಡ್‌ನಲ್ಲಿ ಬರೆದು ಕೊಟ್ಟೆ. ಕೆಂಪು ಗೆರೆ ಎಳೆಸಿಕೊಂಡು ವಾಪಸ್ ಬಂತು. ಹಾಸ್ಟೆಲ್‌ಗೆ ಬಂದು ನನ್ನ ಎಂಎಸ್‌ನಲ್ಲೇ, 8ನ್ನು ಉಗುರಿನಿಂದ ಒತ್ತಿ ಒತ್ತಿ, ಅದೇ ಲೆಕ್ಕ ಮತ್ತೆ ಮಾಡಿದೆ. 14.96!

ಎರಡರಲ್ಲೂ ಒಂದೇ ಕ್ರಮದಲ್ಲಿ ಕೀ ಒತ್ತಿದ್ದೇನೆ. ಇದರಲ್ಲಿ ಅನುಮಾನವೇ ಇಲ್ಲ. ಹಾಗಾದರೆ ಗೆಳತಿಯ ಕ್ಯಾಲ್ಕುಲೇಟರ್ ಕೆಟ್ಟಿದೆಯಾ? ಅವಳು ಅದರಲ್ಲೇ ಪರೀಕ್ಷೆ ಬರೆಯುತ್ತಾಳೆ. ಅದಕ್ಕೇ ಹೆದರಿಕೆ ಆಗಿದೆ.

ಗುಮ್ಮಟದೂರು (ವಿಜಯಪುರ)

ಮೊದಲು ಕೋನದ ಮೋಡ್ ನೋಡಿ. ಸೈನ್ 30 ಹಾಕಿ. 0.5 ಬಂದರೆ ಡಿಗ್ರಿ. ಮೈನಸ್ 0.988 ಬಂದರೆ ರೇಡಿಯನ್. 0.454 ಬಂದರೆ ಗ್ರೇಡಿಯನ್‌ಗೆ ಹೋಗಿದೆ ಅಂತ ಅರ್ಥ. ನಮ್ಮ ಕ್ಲಾಸಿನಲ್ಲಿ ಮ್ಯಾಥ್ಸ್ ಪಿರಿಯಡ್‌ಗೆ ರೇಡಿಯನ್ ಮಾಡಿಕೊಂಡು, ಮುಂದಿನ ಪಿರಿಯಡ್‌ನಲ್ಲಿ ಬದಲಿಸಲು ಮರೆಯುವುದು ದಿನಾ ನಡೆಯುತ್ತದೆ.

ಘಟಪ್ರಭಾ ಸಿವಿಲ್

ನೋಡಿದೆ. ಎರಡರಲ್ಲೂ 0.5 ಬರುತ್ತದೆ. ಪರದೆಯ ಮೇಲೆ ಚಿಕ್ಕ ಡಿ ಅಕ್ಷರವೂ ಇದೆ. ಮೋಡ್ ಸರಿ ಇದೆ.

ಟಿಳಕವಾಡಿ ಮಾಸ್ತರ (ಬೆಳಗಾವಿ)

ತಂಗೀ, ಉತ್ತರ ಆಮೇಲೆ ನೋಡೋಣ. ಗೆಳತಿಯ ಕ್ಯಾಲ್ಕುಲೇಟರ್ ತಗೊಂಡು ಅವತ್ತು ಒತ್ತಿದಂತೆಯೇ ಇನ್ನೊಮ್ಮೆ ಒತ್ತು. ಮೇಲಿನ ಸಾಲಿನಲ್ಲಿ ಏನು ಕಾಣುತ್ತದೋ ಅದನ್ನು ಒಂದು ಚಿಹ್ನೆಯೂ ಬಿಡದೆ ಇಲ್ಲಿ ಬರೆ. ನಿನ್ನ ಎಂಎಸ್‌ನದ್ದೂ ಅದರ ಕೆಳಗೆ ಬರೆ. ಮನಸ್ಸಿನಲ್ಲಿ ಇರುವುದನ್ನು ಬರೆಯಬೇಡ, ಪರದೆಯಲ್ಲಿ ಇರುವುದನ್ನು ಬರೆ.

ಘಟಪ್ರಭಾ ಸಿವಿಲ್

ಸರ್, ಬರೆದಿದ್ದೇನೆ. ಡಿಗ್ರಿ, ನಿಮಿಷ ಎರಡಕ್ಕೂ ಪರದೆಯಲ್ಲಿ ಸೊನ್ನೆ ಗುರುತೇ ಬರುತ್ತದೆ.

ಇಎಸ್: 40(ಟ್ಯಾನ್(18°30°+ಟ್ಯಾನ್(2°15°)

ಎಂಎಸ್: 40(ಟ್ಯಾನ್ 18°30°+ಟ್ಯಾನ್ 2°15°)

ಬರೆಯುವಾಗಲೇ ಏನೋ ಬೇರೆ ಇದೆ ಅನ್ನಿಸಿತು. ಇಎಸ್‌ನಲ್ಲಿ ಬ್ರಾಕೆಟ್ ಜಾಸ್ತಿ ಇವೆ. ಆದರೆ ನಾನು ಅವನ್ನು ಒತ್ತಿಲ್ಲ.

ಟಿಳಕವಾಡಿ ಮಾಸ್ತರ

ನೀನು ಒತ್ತಿಲ್ಲ, ನಿಜ. ಟ್ಯಾನ್ ಕೀ ಒತ್ತಿದರೆ ಇಎಸ್ ತಾನೇ ಒಂದು ಬ್ರಾಕೆಟ್ ತೆರೆಯುತ್ತದೆ. ಸೈನ್, ಕಾಸ್, ಲಾಗ್ ಎಲ್ಲಕ್ಕೂ ಹಾಗೆಯೇ. ತೆರೆಯುವುದು ಅದರ ಕೆಲಸ, ಮುಚ್ಚುವುದು ನಿನ್ನ ಕೆಲಸ. ಎಂಎಸ್ ತೆರೆಯುವುದೇ ಇಲ್ಲ. ಟ್ಯಾನ್ ಪಕ್ಕದಲ್ಲಿ ಇರುವ ಕೋನವನ್ನಷ್ಟೇ ಹಿಡಿದುಕೊಂಡು ಮುಂದೆ ಹೋಗುತ್ತದೆ.

ಇಎಸ್ ಸಾಲಿನಲ್ಲಿ ಬ್ರಾಕೆಟ್ ಎಣಿಸು. ಮೂರು ತೆರೆದಿವೆ, ಒಂದು ಮುಚ್ಚಿದೆ. ನೀನು ಕೊನೆಗೆ ಮುಚ್ಚಿದ್ದು 40ರ ಪಕ್ಕದ್ದನ್ನು ಅಂದುಕೊಂಡೆ. ಅದು ಮುಚ್ಚಿದ್ದು ಎರಡನೇ ಟ್ಯಾನ್‌ನದ್ದನ್ನು. ಉಳಿದ ಎರಡನ್ನು, ಸಮ ಚಿಹ್ನೆ ಒತ್ತಿದಾಗ, ಯಂತ್ರ ಸಾಲಿನ ಕೊನೆಗೆ ಮುಚ್ಚಿಕೊಂಡಿತು. ಕೊನೆಯ ಬ್ರಾಕೆಟ್ ಮುಚ್ಚದಿದ್ದರೂ ನಡೆಯುತ್ತದೆ ಅನ್ನುವ ಅನುಕೂಲ ಇದೆಯಲ್ಲ, ಅದೇ ಇಲ್ಲಿ ತಪ್ಪನ್ನು ಮುಚ್ಚಿಟ್ಟಿತು. ಅದು ಮಾಡಿದ ಲೆಕ್ಕ ಇದು: ಮೊದಲು 2°15°ಗೆ ಟ್ಯಾನ್ ತೆಗೆದಿದೆ. 0.0393 ಬಂತು. ಅದನ್ನು 18°30°ಗೆ, ಅದೂ ಒಂದು ಡಿಗ್ರಿಯ ಚೂರು ಅನ್ನುವಂತೆ, ಕೂಡಿಸಿದೆ. ಆಮೇಲೆ ಒಟ್ಟಿಗೆ ಟ್ಯಾನ್ ತೆಗೆದು 40ರಿಂದ ಗುಣಿಸಿದೆ. 13.41.

ಈಗ ಒಂದು ಮಾತು ಗಮನಿಸು. 40ನ್ನು ಟ್ಯಾನ್ 18°30°ರಿಂದ ಮಾತ್ರ ಗುಣಿಸಿದರೆ 13.38. ಇದು ಯಂತ್ರದ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ. 40ನ್ನು ಟ್ಯಾನ್ 2°15°ರಿಂದ ಗುಣಿಸಿದರೆ 1.57. ಇದು ಕಣ್ಣಿನ ಮಟ್ಟದಿಂದ ಕೆಳಗಿನದು. ಟ್ರೈಪಾಡ್ ಮೇಲಿಟ್ಟ ಥಿಯೊಡೊಲೈಟ್ ನೆಲದಿಂದ ಒಂದೂವರೆ ಮೀಟರ್ ಆಸುಪಾಸಿನಲ್ಲೇ ಇರುತ್ತದೆ ಅಲ್ವಾ? ಹಾಗಾಗಿ 1.57 ಸರಿಯಾಗಿದೆ. ನಿನ್ನ 13.41ರಲ್ಲಿ 13.38 ಕಳೆದರೆ ಉಳಿಯುವುದು 3 ಸೆಂಟಿಮೀಟರ್. ಟ್ರೈಪಾಡ್ ಪೂರ್ತಿ ಮಾಯವಾಗಿದೆ. ಪರದೆಯಲ್ಲಿ ಎರರ್ ಏನೂ ಬರಲಿಲ್ಲ. ಉತ್ತರವೂ ಕಟ್ಟಡದ ಎತ್ತರದಂತೆಯೇ ಕಂಡಿತು. ಇಂಥ ತಪ್ಪೇ ಬಹಳ ಕಾಡುವುದು.

ಸರಿಯಾದ ಸಾಲು ಇಎಸ್‌ನಲ್ಲಿ ಹೀಗಿರಬೇಕು:

40(ಟ್ಯಾನ್(18°30°)+ಟ್ಯಾನ್(2°15°))

ಗೆಳತಿಯ ಕ್ಯಾಲ್ಕುಲೇಟರ್ ಗಟ್ಟಿಮುಟ್ಟಾಗಿದೆ. ಅವಳಿಗೆ ಹೇಳು, ನೆಮ್ಮದಿಯಾಗಿ ಪರೀಕ್ಷೆ ಬರೆಯಲಿ.

ಘಟಪ್ರಭಾ ಸಿವಿಲ್

ಸರ್!! ಈಗ ಎರಡರಲ್ಲೂ 14.96. ಹಾಸ್ಟೆಲ್ ರೂಮಿನಲ್ಲಿ ಇಬ್ಬರೂ ಕೂಗಿಬಿಟ್ಟೆವು. ಅವಳು ತನ್ನದರಲ್ಲಿ ಯಾವಾಗಲೂ ಕೋನ ಹಾಕಿದ ಕೂಡಲೇ ಬ್ರಾಕೆಟ್ ಮುಚ್ಚುತ್ತಾಳಂತೆ. ಅಭ್ಯಾಸ ಆಗಿಬಿಟ್ಟಿದೆ, ಹೇಳಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ. ನನಗೆ ಕೇಳಬೇಕು ಅಂತ ಹೊಳೆಯಲಿಲ್ಲ.

3 ಸೆಂಟಿಮೀಟರ್ ವಿಷಯ ಓದಿ ಮೈ ಜುಮ್ ಅಂತು. ಆ ಯಂತ್ರವನ್ನು ಹೊತ್ತು ತಂದು ನೆಟ್ಟಿದ್ದೇ ನಾನು.

ಗುಮ್ಮಟದೂರು

ನನಗೆ ಇದರ ಉಲ್ಟಾ ಆಗಿತ್ತು. ನನ್ನದು ಇಎಸ್ ಪ್ಲಸ್. ಒಂದು ದಿನ ಅಪ್ಪನ ಎಂಎಸ್ ತಗೊಂಡಿದ್ದೆ.

ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. 60 ಮೀಟರ್ ದೂರ ನಿಂತು ತುದಿ ನೋಡಿದರೆ ಎಷ್ಟು ಕೋನ ಅಂತ ತಮ್ಮನಿಗೆ ಹೇಳಿಕೊಡುತ್ತಿದ್ದೆ. ನನ್ನ ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ ಇನ್ವರ್ಸ್ ಒತ್ತಿ, 51÷60, ಸಮ. ಬ್ರಾಕೆಟ್ ಅದೇ ತೆರೆದುಕೊಂಡು ಅದೇ ಮುಚ್ಚಿಕೊಳ್ಳುತ್ತದೆ. 40.36 ಡಿಗ್ರಿ. ಎಂಎಸ್‌ನಲ್ಲಿ ಹಾಗೇ ಒತ್ತಿದರೆ 1.48 ಬಂತು. ಗುಮ್ಮಟ ನೋಡಲು ತಲೆಯನ್ನೇ ಎತ್ತಬೇಕಿಲ್ಲ ಅಂದ ಹಾಗೆ!

ಅದು 51ಕ್ಕೆ ಟ್ಯಾನ್ ಇನ್ವರ್ಸ್ ತೆಗೆದು, ಬಂದ 88.88ನ್ನು 60ರಿಂದ ಭಾಗಿಸಿತ್ತು. ಎಂಎಸ್‌ನಲ್ಲಿ (51÷60) ಅಂತ ನಾವೇ ಬ್ರಾಕೆಟ್ ಹಾಕಬೇಕು. ವರ್ಗಮೂಲಕ್ಕೂ ಅಷ್ಟೇ. √9+16 ಅಂದರೆ ಎಂಎಸ್‌ಗೆ 3+16. ಅದು 19 ಕೊಡುತ್ತದೆ. √(9+16) ಅಂದರೆ 5.

ಅಂದಹಾಗೆ 40.36 ಬಂದ ಮೇಲೆ ಡಿಗ್ರಿ-ನಿಮಿಷದ ಕೀ ಒತ್ತಿದರೆ 40°21°52.33 ಅಂತ ತೋರಿಸುತ್ತದೆ. 40 ಡಿಗ್ರಿ, 21 ನಿಮಿಷ, 52.33 ಸೆಕೆಂಡು. ತಮ್ಮನಿಗೆ ಅದು ಬಹಳ ಇಷ್ಟವಾಯಿತು.

ಉದ್ಯಮಬಾಗ್ ಲೇತ್ (ಬೆಳಗಾವಿ)

ನಮಸ್ಕಾರ್ರೀ ಎಲ್ಲರಿಗೂ. ನಾನು ಕಾಲೇಜಿನವನಲ್ಲ. ಉದ್ಯಮಬಾಗ್‌ನಲ್ಲಿ ನಮ್ಮದು ಸಣ್ಣ ಮಶಿನ್ ಶಾಪ್. ನನ್ನ ಟೇಬಲ್ ಮೇಲೂ ಒಂದು ಎಂಎಸ್ ಇದೆ, ಎಣ್ಣೆ ಮೆತ್ತಿಕೊಂಡು ಕಪ್ಪಾಗಿದೆ.

ನಮ್ಮಲ್ಲಿ ಬೇರೆ ತೊಂದರೆ. ದಪ್ಪ ಪೈಪಿಗೆ ಟೇಪ್ ಸುತ್ತಿ ಸುತ್ತಳತೆ ತೆಗೆಯುತ್ತೇವೆ. ಅದನ್ನು ಎರಡು ಪೈನಿಂದ ಭಾಗಿಸಿದರೆ ತ್ರಿಜ್ಯ. ಮೊನ್ನೆ ಸುತ್ತಳತೆ 44 ಸೆಂಟಿಮೀಟರ್. ನಾನು ಮಾಡಿದರೆ 7 ಬಂತು. ಹೊಸ ಹುಡುಗ ಅದೇ ಕ್ಯಾಲ್ಕುಲೇಟರ್‌ನಲ್ಲಿ ಮಾಡಿದರೆ 69.1. ನಾನು 44÷2 ಒತ್ತಿ ನೇರ ಪೈ ಒತ್ತಿದೆ. ಅವನು 44÷2×ಪೈ ಅಂತ ನಡುವೆ ಗುಣಾಕಾರ ಒತ್ತಿದ್ದ. ಒಂದು ಚಿಹ್ನೆಗೆ ಇಷ್ಟು ವ್ಯತ್ಯಾಸ ಯಾಕ್ರೀ? ಎರಡು ಪೈ ಅಂದರೂ, ಎರಡು ಗುಣಿಸು ಪೈ ಅಂದರೂ ಒಂದೇ ಅಲ್ಲವೇ?

ಟಿಳಕವಾಡಿ ಮಾಸ್ತರ

ಪುಸ್ತಕದಲ್ಲಿ ಒಂದೇ, ಕ್ಯಾಲ್ಕುಲೇಟರ್‌ಗೆ ಒಂದೇ ಅಲ್ಲ. ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ.

ಭಾಗಾಕಾರ, ಗುಣಾಕಾರ ಎರಡೂ ಸಮಾನ ದರ್ಜೆಯವು. ಎಡದಿಂದ ಬಲಕ್ಕೆ ಸಿಕ್ಕ ಹಾಗೆ ಮಾಡುತ್ತಾ ಹೋಗುತ್ತದೆ. 44÷2 ಅಂದರೆ 22. ಅದನ್ನು ಪೈನಿಂದ ಗುಣಿಸಿದರೆ 69.1. ಹುಡುಗ ಬರೆದಿದ್ದಕ್ಕೆ ಇದೇ ಸರಿಯಾದ ಉತ್ತರ. ಆದರೆ ಗುಣಾಕಾರದ ಚಿಹ್ನೆ ಬಿಟ್ಟು 2ಕ್ಕೆ ಪೈ ಅಂಟಿಸಿ ಬರೆದರೆ, ಈ ಕ್ಯಾಸಿಯೊಗಳು ಅವೆರಡನ್ನೂ ಒಂದೇ ತುಂಡು ಅಂತ ತಿಳಿಯುತ್ತವೆ. ಭಾಗಾಕಾರಕ್ಕಿಂತ ಮೊದಲು ಅದನ್ನು ಮಾಡಿ ಮುಗಿಸುತ್ತವೆ. ಎಕ್ಸ್, ಎ ಅಂಥ ಅಕ್ಷರಗಳನ್ನು ಅಂಟಿಸಿದರೂ ಇದೇ ನಿಯಮ.

ಇಎಸ್ ನಂತರ ಬಂದ ಕ್ಲಾಸ್‌ವಿಜ್ 991 ಇಎಕ್ಸ್ ಇದನ್ನು ಕಣ್ಣಿಗೆ ಕಾಣಿಸುತ್ತದೆ. 6÷2ಪೈ ಅಂತ ಹಾಕಿ ಸಮ ಒತ್ತಿದರೆ ಮೇಲಿನ ಸಾಲು ತಾನೇ 6÷(2ಪೈ) ಅಂತ ಬದಲಾಗುತ್ತದೆ. ತಾನು ಹೇಗೆ ಅರ್ಥ ಮಾಡಿಕೊಂಡೆ ಅಂತ ಅದು ಹೇಳಿದ ಹಾಗಾಯಿತು. ನನಗೆ ಆ ಮಾಡೆಲ್ ಮೆಚ್ಚುಗೆಯಾಗಿದ್ದೇ ಈ ಕಾರಣಕ್ಕೆ. ಎಂಎಸ್ ಹೇಳುವುದಿಲ್ಲ. ಅದಕ್ಕೆ ನಿಮ್ಮ ಹುಡುಗನಿಗೆ 44÷(2×ಪೈ) ಅಂತ ಕಲಿಸಿ. ಯಾವ ಕಂಪನಿಯದ್ದು ಕೈಗೆ ಬಂದರೂ ಒಂದೇ ಉತ್ತರ ಬರುತ್ತದೆ.

ಫಿಸಿಕ್ಸ್ ಅಕ್ಕೋರು (ವಿಜಯಪುರ)

ಭಾಗಾಕಾರದ ಮಾತು ಬಂತು, ಸುಮ್ನೆ ಇರಲು ಆಗಲಿಲ್ಲ. ನಾನು ಪಾಠ ಮಾಡುವ ಕಡೆ ಪ್ರತಿ ಬ್ಯಾಚ್‌ನಲ್ಲೂ ನೋಡುವ ತಪ್ಪು ಇದು.

ಎಲೆಕ್ಟ್ರಾನ್‌ನ ವಿದ್ಯುದಂಶವನ್ನು ಅದರ ರಾಶಿಯಿಂದ ಭಾಗಿಸಬೇಕು. 1.6 ಗುಣಿಸು 10ರ ಘಾತ ಮೈನಸ್ 19, ಭಾಗಿಸು 9.1 ಗುಣಿಸು 10ರ ಘಾತ ಮೈನಸ್ 31. ಮಕ್ಕಳು ಪುಸ್ತಕದಲ್ಲಿ ಇದ್ದ ಹಾಗೇ ಒತ್ತುತ್ತಾರೆ. ಗುಣಾಕಾರ, ಒಂದು, ಸೊನ್ನೆ, ಘಾತದ ಕೀ, ಮೈನಸ್ 31. ಉತ್ತರ 1.758, 10ರ ಘಾತ ಮೈನಸ್ 51. ಸರಿಯಾದದ್ದು 1.758, 10ರ ಘಾತ 11. ಮುಂದಿನ ಅಂಕಿ ಅದೇ ಇರುವುದರಿಂದ ಮಕ್ಕಳಿಗೆ ಅನುಮಾನವೇ ಬರುವುದಿಲ್ಲ. ಘಾತದಲ್ಲಿ ಮಾತ್ರ 62ರಷ್ಟು ವ್ಯತ್ಯಾಸ.

ಕಾರಣ ಮಾಸ್ತರರು ಹೇಳಿದ್ದೇ. 9.1ರಿಂದ ಮಾತ್ರ ಭಾಗಿಸಿ, ಆಮೇಲೆ 10ರ ಘಾತದಿಂದ ಗುಣಿಸಿದೆ. ಇದಕ್ಕೆಂದೇ ಬೇರೆ ಕೀ ಇದೆ. ಎಂಎಸ್‌ನಲ್ಲಿ ಎಕ್ಸ್‌ಪ್ ಅಂತ ಬರೆದಿರುವುದು, ಇಎಸ್‌ನಲ್ಲಿ ×10ರ ಮೇಲೆ ಎಕ್ಸ್ ಅಂತ ಇರುವುದು. 9.1 ಒತ್ತಿ, ಆ ಕೀ ಒತ್ತಿ, ಮೈನಸ್ 31. ಈಗ ಇಡೀ ಸಂಖ್ಯೆ ಒಂದೇ ತುಂಡು. ಬ್ರಾಕೆಟ್ ಬೇಕಿಲ್ಲ.

ಇನ್ನೊಂದು ವಿಷಯ ಪರದೆ ಓದುವುದರ ಬಗ್ಗೆ. ಎಂಎಸ್‌ನಲ್ಲಿ ಬಲ ತುದಿಗೆ, ಮೇಲ್ಗಡೆ, ಸಣ್ಣದಾಗಿ 11 ಅಂತ ಕಾಣುತ್ತದೆ. ಅದು 10ರ ಘಾತ. ಒಬ್ಬ ಹುಡುಗಿ ಅದನ್ನು ನೋಡದೆ ಬರೀ 1.758 ಬರೆದಿದ್ದಳು. ಇನ್ನೊಬ್ಬ 1.758ರ ಮೇಲೆಯೇ 11 ಘಾತ ಅಂತ ಹಾಕಿದ್ದ. ಇಬ್ಬರೂ ಕಷ್ಟಪಟ್ಟು ಪ್ರಯೋಗ ಮಾಡಿದ ಮಕ್ಕಳು. ಪರದೆಯ ಒಂದು ಮೂಲೆ ನೋಡದೇ ಹೋಗಿದ್ದಕ್ಕೆ ಅಂಕ ಹೋದಾಗ ನನಗೂ ಸಂಕಟವಾಗುತ್ತದೆ. ಅದಕ್ಕೇ ಮೊದಲ ಲ್ಯಾಬ್‌ನಲ್ಲಿ ಉಪಕರಣ ಮುಟ್ಟುವ ಮೊದಲು ಅರ್ಧ ಗಂಟೆ ಕ್ಯಾಲ್ಕುಲೇಟರ್‌ಗೇ ಕೊಡುತ್ತೇನೆ.

ಜಮಖಂಡಿ ಹುಡುಗ

ಅಕ್ಕೋರೆ, ನಾನು ಹತ್ತನೇ ತನಕ ಕನ್ನಡ ಮೀಡಿಯಂ. ಈಗ ಡಿಪ್ಲೊಮಾ ಮೊದಲ ವರ್ಷ. ಸಿಇಟಿಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ ಅಂತ ಅಕ್ಕ ಮನೆಯಲ್ಲಿ ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದಳು, ಹಾಗಾಗಿ ನಾನೂ ಮುಟ್ಟಿರಲಿಲ್ಲ. ಈಗ ಕ್ಲಾಸಿನಲ್ಲಿ ಎಲ್ಲರೂ ಟಪಟಪ ಒತ್ತುತ್ತಾರೆ. ನನಗೆ ಸಿನ್ ಎರರ್, ಎಂಎ ಎರರ್ ಅಂತ ಬರುತ್ತಲೇ ಇರುತ್ತದೆ. ಕೇಳಲು ನಾಚಿಕೆ. ಇದರ ಅರ್ಥ ಏನು?

ಇನ್ನೊಂದು. ಒಮ್ಮೊಮ್ಮೆ ಉತ್ತರ 1⌟2⌟3 ಅಂತ ಬರುತ್ತದೆ. ನೂರಾ ಇಪ್ಪತ್ಮೂರಾ?

ಫಿಸಿಕ್ಸ್ ಅಕ್ಕೋರು

ತಮ್ಮಾ, ನಾಚಿಕೆ ಯಾಕೆ? ಇಲ್ಲಿ ಕೇಳಿದೆಯಲ್ಲ, ಅದೇ ಒಳ್ಳೆಯದಾಯಿತು.

ಸಿನ್ ಅಂದರೆ ಸಿಂಟ್ಯಾಕ್ಸ್. ನೀನು ಬರೆದ ಸಾಲು ಸರಿಯಾಗಿಲ್ಲ, ಅರ್ಥ ಆಗುತ್ತಿಲ್ಲ ಅಂತ ಅದು ಹೇಳುತ್ತಿದೆ. ಎರಡು ಗುಣಾಕಾರ ಒಟ್ಟಿಗೆ ಬಿದ್ದಿರಬಹುದು, ಒಂದು ಬ್ರಾಕೆಟ್ ಜಾಸ್ತಿ ಮುಚ್ಚಿರಬಹುದು. ಎಂಎ ಅಂದರೆ ಮ್ಯಾಥ್. ಸಾಲು ಓದಲು ಬಂತು, ಆದರೆ ಲೆಕ್ಕ ಮಾಡಲು ಆಗುವುದಿಲ್ಲ ಅಂತ. ಸೊನ್ನೆಯಿಂದ ಭಾಗಿಸು ಅಂದರೆ ಹೀಗೆ ಬರುತ್ತದೆ. ಮೈನಸ್ ಸಂಖ್ಯೆಗೆ ವರ್ಗಮೂಲ ಕೇಳಿದರೂ ಬರುತ್ತದೆ.

ಎರರ್ ಬಂದ ಕೂಡಲೇ ಎಸಿ ಒತ್ತಿ ಎಲ್ಲ ಅಳಿಸಬೇಡ. ಎಡ ಅಥವಾ ಬಲ ಬಾಣದ ಕೀ ಒತ್ತು. ತಪ್ಪು ಎಲ್ಲಿದೆಯೋ ಅಲ್ಲಿಗೇ ಕರ್ಸರ್ ಹೋಗಿ ನಿಲ್ಲುತ್ತದೆ. ಆ ಜಾಗ ಸರಿಮಾಡಿ ಸಮ ಒತ್ತು. ಎಂಎಸ್‌ನಲ್ಲಿ ನಡುವೆ ಬಿಟ್ಟುಹೋದ ಚಿಹ್ನೆ ಸೇರಿಸಬೇಕಾದರೆ ಮೊದಲು ಶಿಫ್ಟ್, ಆಮೇಲೆ ಡಿಲೀಟ್ ಕೀ. ಅಲ್ಲಿ ಇನ್ಸ್ ಅಂತ ಬರೆದಿದೆ. ಅದನ್ನು ಒತ್ತದೇ ಟೈಪ್ ಮಾಡಿದರೆ ಇದ್ದ ಅಂಕಿಯ ಮೇಲೇ ಕೂರುತ್ತದೆ.

1⌟2⌟3 ಅಂದರೆ ಒಂದು ಪೂರ್ಣ, ಎರಡರ ಕೆಳಗೆ ಮೂರು. ಮಿಶ್ರ ಭಿನ್ನರಾಶಿ. ಅದೇ ಭಿನ್ನರಾಶಿ ಕೀ ಇನ್ನೊಮ್ಮೆ ಒತ್ತಿದರೆ 1.666666667 ಆಗುತ್ತದೆ.

ಸ್ಟೇಷನರಿ ಅಂಗಡಿ (ಖಡೇಬಜಾರ್, ಬೆಳಗಾವಿ)

ನಮ್ಮ ಅಂಗಡಿಗೆ ಕೆಟ್ಟಿದೆ ಅಂತ ವಾಪಸ್ ತರುವ ಕ್ಯಾಲ್ಕುಲೇಟರ್‌ಗಳಲ್ಲಿ ಬಹಳಷ್ಟು ಕೆಟ್ಟೇ ಇರುವುದಿಲ್ಲ. ಯಾವುದೋ ಸೆಟ್ಟಿಂಗ್ ಬದಲಾಗಿರುತ್ತದೆ. ಕೌಂಟರ್‌ನಲ್ಲಿ ಜಾಸ್ತಿ ಕೇಳುವ ದೂರು ಮೂರು.

ಒಂದು, ಉತ್ತರ ಯಾವಾಗಲೂ ರೂಟ್‌ನಲ್ಲೇ ಬರುತ್ತದೆ ಅನ್ನುವುದು. ಇಎಸ್‌ನಲ್ಲಿ √2+√8 ಹಾಕಿದರೆ 3√2 ತೋರಿಸುತ್ತದೆ. ಎಸ್-ಡಿ ಕೀ ಒತ್ತಿದರೆ 4.242640687. ಸಮ ಒತ್ತುವ ಮೊದಲೇ ಶಿಫ್ಟ್ ಒತ್ತಿದರೆ ನೇರ ದಶಾಂಶದಲ್ಲಿ ಬರುತ್ತದೆ.

ಎರಡು, 1÷200 ಹಾಕಿದರೆ 0.005 ಬರುತ್ತಿಲ್ಲ, 5 ಗುಣಿಸು 10ರ ಘಾತ ಮೈನಸ್ 3 ಬರುತ್ತದೆ ಅನ್ನುವುದು. ಅದು ನಾರ್ಮ್ 1. ನಾರ್ಮ್ 2 ಮಾಡಿದರೆ 0.005 ಕಾಣುತ್ತದೆ. ಇಎಸ್‌ನಲ್ಲಿ ಶಿಫ್ಟ್, ಮೋಡ್, 8, ಆಮೇಲೆ 2. ಎಂಎಸ್‌ನಲ್ಲಿ ಮೋಡ್ ಕೀಯನ್ನೇ ಮತ್ತೆ ಮತ್ತೆ ಒತ್ತುತ್ತಾ ಹೋಗಿ, ಫಿಕ್ಸ್, ಸೈ, ನಾರ್ಮ್ ಅಂತ ಬರುವ ತನಕ.

ಮೂರನೆಯದು ವಿಚಿತ್ರ. ಒಬ್ಬರು ತಾಯಿ ಮಗನ ಎಂಎಸ್ ತಂದಿದ್ದರು. ಚುಕ್ಕೆ ಹೋಗಿದೆ, ಎಲ್ಲ ಕಡೆ ಅಲ್ಪವಿರಾಮ ಬರುತ್ತದೆ ಅಂದರು. ನೋಡಿದರೆ 3.5 ಬದಲು 3,5. ಡಿಸ್ಪ್ ಮೆನುವಿನಲ್ಲಿ ಡಾಟ್ ಅಥವಾ ಕಾಮಾ ಅಂತ ಆರಿಸಿಕೊಳ್ಳುವುದು ಇದೆ. ಯುರೋಪಿನ ಎಷ್ಟೋ ದೇಶಗಳಲ್ಲಿ ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರಲ್ಲ, ಅವರಿಗಾಗಿ. ಹುಡುಗ ಆಟವಾಡುತ್ತಾ ಒತ್ತಿಬಿಟ್ಟಿದ್ದ. ಡಾಟ್ ಮಾಡಿ ಕೊಟ್ಟೆ. ಹೊಸದು ಕೊಳ್ಳಲು ಬಂದಿದ್ದವರು ಪೆನ್ ಒಂದೇ ತಗೊಂಡು ಹೋದರು, ನನಗೂ ಸಮಾಧಾನವಾಯಿತು.

ಏನೂ ತಿಳಿಯದಿದ್ದರೆ ಎಲ್ಲವನ್ನೂ ಮೊದಲಿನಂತೆ ಮಾಡಬಹುದು. ಎಂಎಸ್‌ನಲ್ಲಿ ಶಿಫ್ಟ್, ಮೋಡ್, 3, ಸಮ. ಇಎಸ್‌ನಲ್ಲಿ ಶಿಫ್ಟ್, 9, 3, ಸಮ, ಎಸಿ. ಮೆಮೊರಿಯಲ್ಲಿ ಇಟ್ಟಿದ್ದ ಸಂಖ್ಯೆಗಳೂ ಹೋಗುತ್ತವೆ, ಅದು ನೆನಪಿರಲಿ.

ಗುಮ್ಮಟದೂರು

ಇಎಸ್ ಬಳಸುವವರಿಗೆ ಒಂದು ಮಾತು ಸೇರಿಸುತ್ತೇನೆ. ಭಿನ್ನರಾಶಿ ಕೀ ಒತ್ತಿದರೆ ಮೇಲೊಂದು ಕೆಳಗೊಂದು ಚೌಕ ಬರುತ್ತದೆ. ಪುಸ್ತಕದಲ್ಲಿ ಇದ್ದ ಹಾಗೇ ತುಂಬಬಹುದು, ಬ್ರಾಕೆಟ್ ಅರ್ಧ ಕಡಿಮೆಯಾಗುತ್ತದೆ. ಆದರೆ ಕೆಳಗಿನ ಚೌಕ ತುಂಬಿದ ಮೇಲೆ ಬಲ ಬಾಣ ಒತ್ತಿ ಹೊರಗೆ ಬರಬೇಕು. ಬರದೇ +3 ಒತ್ತಿದರೆ ಆ 3 ಛೇದದಲ್ಲೇ ಸೇರಿಕೊಳ್ಳುತ್ತದೆ. ಅರ್ಧಕ್ಕೆ ಮೂರು ಕೂಡಿಸಲು ಹೋಗಿ ಐದನೇ ಒಂದು ಭಾಗ ಬರೆದವರನ್ನು ನೋಡಿದ್ದೇನೆ.

ಮೈನಸ್ ವರ್ಗವೂ ಹಾಗೆಯೇ. −2² ಹಾಕಿದರೆ −4. ಮೊದಲು ವರ್ಗ, ಆಮೇಲೆ ಮೈನಸ್. (−2)² ಅಂದರೆ 4. ಇದು ಎಂಎಸ್, ಇಎಸ್ ಎರಡರಲ್ಲೂ ಒಂದೇ.

ಗೇಟ್ ತಯಾರಿ (ಬೆಳಗಾವಿ)

ಇದೆಲ್ಲ ಕಲಿತ ಮೇಲೆ ಎಂ.ಟೆಕ್‌ಗೆ ಬರೆಯುವ ಗೇಟ್ ಪರೀಕ್ಷೆಗೆ ಹೋದರೆ ಅಲ್ಲಿ ನಮ್ಮ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಕಂಪ್ಯೂಟರ್ ಪರದೆಯಲ್ಲಿ ವರ್ಚುವಲ್ ಕ್ಯಾಲ್ಕುಲೇಟರ್ ಕೊಡುತ್ತಾರೆ. ಮೌಸ್‌ನಿಂದ ಒತ್ತಬೇಕು. ಅದರಲ್ಲಿ ಮೊದಲು 30, ಆಮೇಲೆ ಸೈನ್. ನಾವು ಸೈನ್ ಮೊದಲು ಒತ್ತಿ ಅಭ್ಯಾಸವಾದವರು. ಮೊದಲ ಮಾಕ್ ಟೆಸ್ಟ್‌ನಲ್ಲಿ ಗೊತ್ತಿದ್ದ ಮೂರು ಲೆಕ್ಕ ಹೀಗೇ ಕಳೆದುಕೊಂಡೆ. ಯಾಕೆ ಹೀಗೆ ಉಲ್ಟಾ ಮಾಡಿದ್ದಾರೋ.

ಟಿಳಕವಾಡಿ ಮಾಸ್ತರ

ಅದು ಉಲ್ಟಾ ಅಲ್ಲಪ್ಪಾ, ಹಳೆಯ ಪದ್ಧತಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಯಾಲ್ಕುಲೇಟರ್‌ಗಳು ಹಾಗೇ ಇದ್ದವು. ಒಂದೇ ಸಾಲು, ಅದರಲ್ಲಿ ಒಂದೇ ಸಂಖ್ಯೆ. 30 ಒತ್ತು, 30 ಕಾಣುತ್ತದೆ. ಸೈನ್ ಒತ್ತು, 30 ಹೋಗಿ 0.5 ಬರುತ್ತದೆ. ನೀನು ಏನು ಒತ್ತಿದೆ ಅನ್ನುವುದಕ್ಕೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಉದ್ದ ಲೆಕ್ಕದ ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಪಕ್ಕದಲ್ಲಿ ಕಾಗದ ಇಟ್ಟು, ಒಂದೊಂದು ಹಂತದ ಉತ್ತರ ಬರೆದುಕೊಳ್ಳುತ್ತಿದ್ದೆವು.

ಎರಡು ಸಾಲಿನ ಎಂಎಸ್ ಮೊದಲ ಸಲ ಕೈಗೆ ಬಂದ ದಿನ ಇನ್ನೂ ನೆನಪಿದೆ. ಮೇಲೆ ನಾನು ಬರೆದ ಸಾಲು, ಕೆಳಗೆ ಉತ್ತರ. ಎರಡೂ ಒಟ್ಟಿಗೆ! ಮೇಲ್ಬಾಣ ಒತ್ತಿದರೆ ಹಿಂದೆ ಮಾಡಿದ ಸಾಲು ಮತ್ತೆ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ಅದರ ಮೈಮೇಲೆ ಎಸ್-ವಿಪಿಎಎಂ ಅಂತ ಇಂಗ್ಲಿಷ್‌ನಲ್ಲಿ ಅಚ್ಚಾಗಿರುತ್ತದೆ, ನೋಡಿ. ಪುಸ್ತಕದಲ್ಲಿ ಬರೆದ ಕ್ರಮದಲ್ಲೇ ಒತ್ತುವ ಪದ್ಧತಿಗೆ ಕ್ಯಾಸಿಯೊ ಇಟ್ಟ ಹೆಸರು. ಇಎಸ್ ಮೇಲೆ ನ್ಯಾಚುರಲ್-ವಿಪಿಎಎಂ ಅಂತ ಇದೆ. ಒತ್ತುವುದಷ್ಟೇ ಅಲ್ಲ, ಕಾಣುವುದೂ ಪುಸ್ತಕದಂತೆ.

ಎಂಎಸ್‌ನ ಮೇಲಿನ ಸಾಲಿಗೂ ಒಂದು ಮಿತಿ ಇದೆ. 79 ಹೆಜ್ಜೆ. 73ನೆಯದಕ್ಕೆ ಬಂದಾಗ ಕರ್ಸರ್ ಅಡ್ಡ ಗೆರೆಯಿಂದ ಕಪ್ಪು ಚೌಕಕ್ಕೆ ಬದಲಾಗುತ್ತದೆ. ಅದು ಕಂಡರೆ ಅಲ್ಲಿಗೇ ಸಮ ಒತ್ತಿ, ಉಳಿದದ್ದನ್ನು ಹಿಂದಿನ ಉತ್ತರ ತರುವ ಆನ್ಸ್ ಕೀಯಿಂದ ಮುಂದುವರಿಸಿ. ನನ್ನ ಅನುಭವದಲ್ಲಿ ಅಷ್ಟು ಉದ್ದ ಹೋಗುವ ಮೊದಲೇ ಎರಡು ತುಂಡು ಮಾಡುವುದು ಒಳ್ಳೆಯದು. ತಪ್ಪಾದರೆ ಹುಡುಕಲು ಸುಲಭ.

ಉದ್ಯಮಬಾಗ್ ಲೇತ್

ಮಾಸ್ತರರೇ, 44÷(2×ಪೈ) ಹುಡುಗನಿಗೆ ಕಲಿಸಿದೆ. ಇನ್ನೊಂದು ಕೇಳಬೇಕು. ಎರಕದ ತೂಕ ತೆಗೆಯುವಾಗ ಪ್ರತಿ ಸಲ ಇಡೀ ಸೂತ್ರ ಒತ್ತುತ್ತೇನೆ. ವ್ಯಾಸದ ವರ್ಗ, ಪೈ, ಉದ್ದ, 7.2, ಭಾಗಿಸು 4000. ಸೆಂಟಿಮೀಟರ್ ಹಾಕಿದರೆ ಕಿಲೋದಲ್ಲಿ ಬರುತ್ತದೆ. ಒಂದು ದಿನಕ್ಕೆ ಇಪ್ಪತ್ತು ಮೂವತ್ತು ಸೈಜ್. ಬೆರಳು ನೋಯುತ್ತದೆ.

ಘಟಪ್ರಭಾ ಸಿವಿಲ್

ಕಾಕಾ, ಇದು ನನಗೆ ಗೊತ್ತು, ನಾನು ಹೇಳುತ್ತೇನೆ!

991 ಎಂಎಸ್‌ನಲ್ಲಿ ಕ್ಯಾಲ್ಕ್ ಅಂತ ಕೀ ಇದೆ. ಆಲ್ಫಾ ಒತ್ತಿ ಎಕ್ಸ್, ವೈ ಅಕ್ಷರ ಹಾಕಿ ಸೂತ್ರ ಬರೆಯಿರಿ: ಪೈ×ಎಕ್ಸ್²×ವೈ×7.2÷4000. ಸಮ ಒತ್ತಬೇಡಿ, ಕ್ಯಾಲ್ಕ್ ಒತ್ತಿ. ಎಕ್ಸ್? ಅಂತ ಕೇಳುತ್ತದೆ. ವ್ಯಾಸ 12 ಕೊಟ್ಟು ಸಮ. ವೈ? ಅಂತ ಕೇಳುತ್ತದೆ. ಉದ್ದ 30 ಕೊಟ್ಟು ಸಮ. 24.43 ಕಿಲೋ. ಮುಂದಿನ ಸೈಜಿಗೆ ಮತ್ತೆ ಕ್ಯಾಲ್ಕ್ ಒತ್ತಿ, ಹೊಸ ಅಂಕಿ ಕೊಡಿ. ನಡುವೆ ಬೇರೆ ಲೆಕ್ಕ ಮಾಡಿದರೆ ಅಥವಾ ಆಫ್ ಮಾಡಿದರೆ ಸೂತ್ರ ಹೋಗುತ್ತದೆ, ಅದನ್ನು ಮತ್ತೆ ಬರೆಯಬೇಕು. 82 ಎಂಎಸ್ ಆದರೆ ಈ ಕೀ ಇಲ್ಲ.

ಉದ್ಯಮಬಾಗ್ ಲೇತ್

ಆಯ್ತವ್ವಾ! ಈಗಲೇ ಆರು ಸೈಜ್ ಮಾಡಿ ನೋಡಿದೆ, ಹಳೆಯ ಡೈರಿಯಲ್ಲಿ ಇದ್ದದ್ದಕ್ಕೆ ಐದು ಸರಿಹೊಂದಿದವು. ಆರನೆಯದು ಡೈರಿಯಲ್ಲೇ ತಪ್ಪಿತ್ತು. ಇಷ್ಟು ವರ್ಷ ಆ ಕೀ ಮೇಲಿನ ಎಣ್ಣೆ ಒರೆಸಿಯೂ ನೋಡಿರಲಿಲ್ಲ. ನಿನಗೆ ಒಳ್ಳೆಯದಾಗಲಿ.

ಜಮಖಂಡಿ ಹುಡುಗ

ಅಕ್ಕೋರೆ, ಬಾಣದ ಕೀ ಒತ್ತಿ ನೋಡಿದೆ. ಕರ್ಸರ್ ಸೀದಾ ತಪ್ಪಿನ ಹತ್ತಿರವೇ ನಿಂತಿತು. ಒಂದು ಬ್ರಾಕೆಟ್ ಜಾಸ್ತಿ ಮುಚ್ಚಿದ್ದೆ. ಇವತ್ತು ಕ್ಲಾಸಿನಲ್ಲಿ ಪಕ್ಕದವನಿಗೂ ತೋರಿಸಿದೆ, ಅವನಿಗೂ ಗೊತ್ತಿರಲಿಲ್ಲ.

ಘಟಪ್ರಭಾ ಸಿವಿಲ್

ಎಲ್ಲರಿಗೂ ಮುಂದಿನ ಸುದ್ದಿ ಹೇಳಬೇಕು. ಇವತ್ತು ಮಧ್ಯಾಹ್ನ ಅನುಮತಿ ತಗೊಂಡು ನಾನು, ಗೆಳತಿ ಅದೇ ಬ್ಲಾಕ್‌ನ ಟೆರೇಸ್‌ಗೆ ಹೋದೆವು. 30 ಮೀಟರ್ ಟೇಪಿನ ತುದಿಗೆ ಕಲ್ಲು ಕಟ್ಟಿ ಕೆಳಗೆ ಬಿಟ್ಟೆವು. ಅವಳು ಕೆಳಗೆ ನಿಂತು ಕಲ್ಲು ನೆಲಕ್ಕೆ ತಾಗಿದಾಗ ಕೂಗಿದಳು. ಗಾಳಿಗೆ ಟೇಪ್ ಓಲಾಡುತ್ತಿತ್ತು, ಹಾಗಾಗಿ ಮೂರು ಸಲ ನೋಡಿದೆವು. ಮೂರು ಸಲವೂ 14.9ರ ಹತ್ತಿರವೇ ಬಂತು. ರೆಕಾರ್ಡ್‌ನಲ್ಲಿ 13.41 ಹೊಡೆದುಹಾಕಿ 14.96 ಬರೆದು, ಪಕ್ಕದಲ್ಲಿ ಕ್ಯಾಲ್ಕುಲೇಟರ್‌ನ ಮೇಲಿನ ಸಾಲನ್ನೂ ಬ್ರಾಕೆಟ್ ಸಮೇತ ಬರೆದಿದ್ದೇನೆ.

ಟಿಳಕವಾಡಿ ಮಾಸ್ತರ

ಬಹಳ ಸಂತೋಷ ತಂಗೀ. ಒಂದು ಕೇಳುತ್ತೇನೆ. ಥಿಯೊಡೊಲೈಟ್‌ನಲ್ಲಿ ನೀನು ನೋಡಿದ್ದು ಟೆರೇಸ್ ಅಂಚಿನ ಮೋಟುಗೋಡೆಯ, ಅಂದರೆ ಪ್ಯಾರಾಪೆಟ್‌ನ ತುದಿಯನ್ನಾ, ಟೆರೇಸ್‌ನ ಮಟ್ಟವನ್ನಾ? ಟೇಪ್ ಎಲ್ಲಿಂದ ಬಿಟ್ಟೆ?

ಘಟಪ್ರಭಾ ಸಿವಿಲ್

ಎರಡೂ ಪ್ಯಾರಾಪೆಟ್‌ನ ತುದಿಯೇ ಸರ್. ಟೇಪನ್ನು ಅದರ ಅಂಚಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಓದಿದ್ದೇನೆ.